ಹೊರಡುವ ಮುಂಚಿನ ವರ್ಷ

ಮಂಗಳೂರಿನಲ್ಲಿ ನರ್ಸಿಂಗ್ ಓದಿದವರ ಬಾಯಲ್ಲಿ ಒಂದು ಕಾಲಕ್ಕೆ ಓಡಾಡುತ್ತಿದ್ದ ಊರುಗಳೆಂದರೆ ಕುವೈತ್, ದಮ್ಮಾಮ್, ಮಸ್ಕತ್. ಈಗ ಅದೇ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ‘ನಿಂದು ಬಿ1 ಆಯ್ತಾ? ಬಿ2 ಯಾವಾಗ?’ ಎಂಬ ವಿಚಾರಣೆ ಕಿವಿಗೆ ಬೀಳುತ್ತದೆ. ಜರ್ಮನ್ ಭಾಷಾ ಪರೀಕ್ಷೆಯ ಮಟ್ಟಗಳವು. 2022ರ ಡಿಸೆಂಬರ್‌ನಲ್ಲಿ ಭಾರತ ಮತ್ತು ಜರ್ಮನಿ ವಲಸೆ ಒಪ್ಪಂದಕ್ಕೆ ಸಹಿ ಹಾಕಿದವು. 2024ರ ಅಕ್ಟೋಬರ್‌ನಲ್ಲಿ, ಆಗ ಚಾನ್ಸೆಲರ್ ಆಗಿದ್ದ ಒಲಾಫ್ ಶೋಲ್ಜ್ ದೆಹಲಿಗೆ ಬಂದ ಹೊತ್ತಿಗೆ, ನುರಿತ ಭಾರತೀಯರಿಗೆ ವರ್ಷಕ್ಕೆ ಕೊಡುವ ವೀಸಾಗಳ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಪ್ರಕಟವಾಯಿತು. ಆ ದೇಶದಲ್ಲಿ ವಯಸ್ಸಾದವರು ಹೆಚ್ಚುತ್ತಿದ್ದಾರೆ, ಅವರನ್ನು ನೋಡಿಕೊಳ್ಳುವ ಕೈಗಳು ಕಡಿಮೆಯಾಗುತ್ತಿವೆ. ನಮ್ಮ ಜಿಲ್ಲೆಯಲ್ಲಿ ಕೈಗಳಿವೆ, ಕಲಿತ ವಿದ್ಯೆಗೆ ತಕ್ಕ ಸಂಬಳವಿಲ್ಲ.

ನನ್ನ ತಂಗಿಯ ಮಗಳು ಹೀಗೆ ಹೋದವಳು. ಬೆಳ್ತಂಗಡಿ ಕಡೆಯ ಅಡಿಕೆ ತೋಟದ ಮನೆ, ಬಿಎಸ್‌ಸಿ ನರ್ಸಿಂಗ್, ಮಂಗಳೂರಿನಲ್ಲಿ ಕೆಲವು ವರ್ಷ ವಾರ್ಡಿನ ಕೆಲಸ. ಈಗ ಜರ್ಮನಿಯ ಒಂದು ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿದ್ದಾಳೆ. ಅವಳು ಹೊರಡುವ ಮುಂಚಿನ ವರ್ಷವನ್ನು ಹತ್ತಿರದಿಂದ ನೋಡಿದ್ದೇನೆ. ಅವಳ ಜೊತೆಗೆ ಹೋದವರಲ್ಲಿ ಯಾರು ಬೇಗ ಬೇರು ಬಿಟ್ಟರು, ಯಾರು ವರ್ಷಗಟ್ಟಲೆ ತೊಳಲಾಡಿದರು ಎಂಬುದನ್ನೂ ನೋಡಿದ್ದೇನೆ. ಹೊಸ ದೇಶದಲ್ಲಿ ನೆಲೆಯಾಗುವ ಕೆಲಸದ ಬಹುಪಾಲು ಇಲ್ಲಿ, ನಮ್ಮ ಮನೆಯ ಜಗಲಿಯಲ್ಲೇ ಆಗಬೇಕು ಎಂಬುದು ಅದರಿಂದ ನನಗಾದ ಖಾತ್ರಿ. ವಿಮಾನ ಇಳಿದ ಮೇಲೆ ಮಾಡಿಕೊಂಡರಾಯಿತು ಎಂದು ಬಿಟ್ಟದ್ದೆಲ್ಲ ಅಲ್ಲಿ ನಾಲ್ಕು ಪಟ್ಟು ಭಾರವಾಗುತ್ತದೆ.

ಮೊದಲನೆಯದು ಭಾಷೆ. ಜರ್ಮನಿಯಲ್ಲಿ ನರ್ಸ್ ಎಂದು ಪೂರ್ಣ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಮಾನ್ಯತೆ ಕೊಡುವುದು ಆಯಾ ರಾಜ್ಯದ ಪ್ರಾಧಿಕಾರ. ಅದು ನಮ್ಮ ಪಠ್ಯಕ್ರಮವನ್ನು ತಮ್ಮದರೊಡನೆ ಗಂಟೆಗಂಟೆ ಹೋಲಿಸಿ ನೋಡಿ, ಕೊರತೆ ಇರುವ ವಿಷಯಗಳ ಪಟ್ಟಿಯೊಂದನ್ನು ಕೊಡುತ್ತದೆ. ಆಮೇಲೆ ಒಂದೋ ಜ್ಞಾನ ಪರೀಕ್ಷೆ ಬರೆಯಬೇಕು, ಇಲ್ಲವೇ ಆಸ್ಪತ್ರೆಯಲ್ಲೇ ಹೊಂದಾಣಿಕೆಯ ತರಬೇತಿ ಮುಗಿಸಬೇಕು. ಅಲ್ಲಿಯವರೆಗೆ ಇಲ್ಲಿ ಐಸಿಯು ನಡೆಸಿ ಬಂದವಳೂ ಅಲ್ಲಿ ಸಹಾಯಕಿ, ಸಂಬಳವೂ ಸಹಾಯಕಿಯದೇ. ಮನೆಯವರಿಗೆ ಇದನ್ನು ಮೊದಲೇ ಹೇಳಿರಬೇಕು. ಮೊದಲ ತಿಂಗಳಿಂದಲೇ ಸಾಲದ ಕಂತು ಬರುತ್ತದೆಂದು ಕಾದು ಕೂತವರಿಗೂ ಅಲ್ಲಿ ಸಹಾಯಕಿಯಾಗಿ ದುಡಿಯುವವಳಿಗೂ ನಡುವೆ ಮನಸ್ತಾಪ ಹುಟ್ಟುವುದನ್ನು ನಾನೇ ಕಂಡಿದ್ದೇನೆ.

ಪರೀಕ್ಷೆ ಪಾಸಾಗುವ ಜರ್ಮನ್ ಬೇರೆ, ರಾತ್ರಿ ಪಾಳಿ ಮುಗಿಸಿ ಬೆಳಗಿನವರಿಗೆ ವಾರ್ಡು ಒಪ್ಪಿಸುವ ಜರ್ಮನ್ ಬೇರೆ. ನಮ್ಮ ಹುಡುಗಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಳು. ಮಂಗಳೂರಿನಲ್ಲಿ ಡ್ಯೂಟಿ ಮುಗಿಸಿ ಬಂದ ಮೇಲೆ, ಅಂದು ನೋಡಿಕೊಂಡ ರೋಗಿಗಳ ಹೆಸರು ಬಿಟ್ಟು ಅವರ ಸ್ಥಿತಿಗತಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಜರ್ಮನ್‌ನಲ್ಲಿ ಬರೆಯುವಳು: ಜ್ವರ ಎಷ್ಟು, ಗಾಯಕ್ಕೆ ಪಟ್ಟಿ ಯಾವಾಗ ಬದಲಿಸಿದ್ದು, ಮೂತ್ರ ಎಷ್ಟು ಹೋಯಿತು, ಅಜ್ಜಿ ಊಟ ಬೇಡವೆಂದಳೋ ಅರ್ಧ ಉಂಡಳೋ. ಬರೆದದ್ದನ್ನು ಫೋನಿಗೆ ಜೋರಾಗಿ ಓದಿ ರೆಕಾರ್ಡ್ ಮಾಡಿ, ಮರುದಿನ ಬಸ್ಸಿನಲ್ಲಿ ಕೇಳಿಸಿಕೊಳ್ಳುವಳು. ವ್ಯಾಕರಣದ ಪುಸ್ತಕ ಕೊಡದ ಧೈರ್ಯವನ್ನು ಆ ನೋಟ್‌ಬುಕ್ಕು ಕೊಟ್ಟಿತು. ಅಲ್ಲಿಗೆ ಹೋದ ಮೇಲೆ ಅವಳು ಫೋನಿನಲ್ಲಿ ಹೇಳಿದ್ದು: ‘ದೊಡ್ಡಮ್ಮ, ಇಲ್ಲಿ ಅಜ್ಜಂದಿರನ್ನು ಮಾತಾಡಿಸಿಕೊಂಡೇ ಮೈ ತೊಳೆಸಬೇಕು. ಮಾತು ಬಾರದಿದ್ರೆ ಕೈಯೂ ಓಡುವುದಿಲ್ಲ.’

ಆ ಮಾತಿನಲ್ಲಿ ಇನ್ನೊಂದು ವಿಷಯವೂ ಇದೆ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಮೈ ಒರೆಸುವುದು, ತಿನ್ನಿಸುವುದು, ಶೌಚಕ್ಕೆ ಕರೆದೊಯ್ಯುವುದು ಹೆಚ್ಚಾಗಿ ಆಯಾಗಳು ಮತ್ತು ರೋಗಿಯ ಕಡೆಯವರು. ನರ್ಸ್ ಎಂದರೆ ಇಂಜೆಕ್ಷನ್, ಡ್ರಿಪ್, ಚಾರ್ಟು. ಜರ್ಮನಿಯಲ್ಲಿ ಮೈ ತೊಳೆಸುವುದರಿಂದ ಹಿಡಿದು ಎಲ್ಲವೂ ನರ್ಸ್‌ನ ಕೆಲಸ, ರಾತ್ರಿ ಕಾಯಲು ಮನೆಯವರು ಬಂದು ಮಲಗುವ ಪದ್ಧತಿ ಇಲ್ಲ. ಇದನ್ನು ತಿಳಿಯದೆ ಹೋದವರು ತಮ್ಮನ್ನು ಕೀಳು ಮಾಡಿದರೆಂದು ಕಣ್ಣೀರು ಹಾಕುತ್ತಾರೆ. ತಿಳಿದು ಹೋದವರಿಗೆ ಅದು ಆ ದೇಶದ ಶುಶ್ರೂಷೆಯ ರೀತಿ, ಅಷ್ಟೇ. ಏಜೆನ್ಸಿಗಳ ಮಾಹಿತಿ ಸಭೆಗಳಲ್ಲಿ ಹಿಮ ಬಿದ್ದ ಬೆಟ್ಟಗಳ ಚಿತ್ರ ತೋರಿಸುವ ಬದಲು ಈ ಒಂದು ಸಂಗತಿ ಹೇಳಿದರೆ ಎಷ್ಟೋ ಮಕ್ಕಳ ಸಂಕಟ ತಪ್ಪೀತು.

ಭಾಷೆಯ ಮಾತು ಬಂದಾಗ ಈ ಊರಿನವರು ನೆನೆಯಬೇಕಾದದ್ದು ಎದುರು ದಿಕ್ಕಿನಿಂದ, ಜರ್ಮನ್ ಮಾತಾಡುವ ನಾಡಿನಿಂದ ಇಲ್ಲಿಗೆ ಬಂದವರನ್ನು. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿಳಿದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದಾಗ ಇಪ್ಪತ್ತರ ಹರೆಯದವರು. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಇಲ್ಲೇ ಮುದ್ರಣವಾಯಿತು. ಅವರ ಧರ್ಮಪ್ರಚಾರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಬಂದ ಊರಿನ ಮಾತಿಗೆ ತಲೆಬಾಗಿ ಕೂತರು ಎಂಬುದು ದೊಡ್ಡದು. ನಮ್ಮ ಮಕ್ಕಳಿಗೆ ನಿಘಂಟು ಬರೆಯುವ ಹೊಣೆಯೇನಿಲ್ಲ. ಆದರೆ ಇಂಗ್ಲಿಷ್‌ನಲ್ಲೇ ಸುಧಾರಿಸಬಹುದು ಎಂದು ಹೇಳುವವರ ಮಾತು ನಂಬಬೇಡಿ. ಐಟಿ ಕಂಪನಿಯ ಒಳಗೆ ಅದು ನಡೆದೀತು. ಬಾಡಿಗೆ ಕರಾರು, ತೆರಿಗೆ ಕಚೇರಿಯ ಪತ್ರ, ಮಗುವಿನ ಶಾಲೆಯ ಸೂಚನೆ, ನೆರೆಮನೆಯವರ ದೂರು ಎಲ್ಲವೂ ಜರ್ಮನ್‌ನಲ್ಲೇ ಬರುತ್ತವೆ.

ಇನ್ನು ಕಾಗದಪತ್ರ. ಕರಾವಳಿಯವರ ಹೆಸರು ಎಷ್ಟು ರೂಪದಲ್ಲಿ ಇರಬಹುದು ಎಂಬುದು ಗೊತ್ತಾಗುವುದೇ ಈ ಹಂತದಲ್ಲಿ. ನಮ್ಮವಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್, ಪದವಿ ಪ್ರಮಾಣಪತ್ರದಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು. ಜನನ ಪ್ರಮಾಣಪತ್ರದಲ್ಲಂತೂ ಹೆಸರೇ ಇರಲಿಲ್ಲ. ಹುಟ್ಟಿದ ವಾರದಲ್ಲಿ ನೋಂದಾಯಿಸಿದ್ದು, ನಾಮಕರಣ ಆಮೇಲೆ ಆದದ್ದು, ಹೆಸರು ಸೇರಿಸಲು ಯಾರೂ ಮತ್ತೆ ಹೋಗಿರಲಿಲ್ಲ. ಇಲ್ಲಿ ಇದೆಲ್ಲ ನಡೆದುಹೋಗುತ್ತದೆ, ಯಾಕೆಂದರೆ ಗುಮಾಸ್ತರಿಗೂ ನಮ್ಮ ಹೆಸರಿನ ಕಟ್ಟು ಗೊತ್ತು. ಜರ್ಮನಿಯ ಅಧಿಕಾರಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು. ನೋಟರಿ ಅಫಿಡವಿಟ್ ಒಂದನ್ನು ಹಚ್ಚಿ ಕಳಿಸಿದರೆ ಸಾಕೆಂದು ಹೇಳುವವರಿದ್ದಾರೆ. ಮೂಲ ದಾಖಲೆಯನ್ನೇ ತಿದ್ದಿಸುವುದು ಒಳ್ಳೆಯದು. ಹೆಸರು ಸೇರಿಸಲು ಜನನ–ಮರಣ ನೋಂದಣಾಧಿಕಾರಿಯ ಬಳಿ ಹೋಗಬೇಕು. ಜನನ ನೋಂದಣಿಯೇ ಆಗಿರದ ಹಿರಿಯರಿಗೆ ಒಂದು ವರ್ಷ ಮೀರಿದ ಪ್ರಕರಣವೆಂದು ಅಧಿಕಾರಿಯ ಆದೇಶ ಬೇಕಾಗುತ್ತದೆ, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಮದುವೆಯಾಗಿದ್ದರೆ ಉಪನೋಂದಣಿ ಕಚೇರಿಯ ವಿವಾಹ ನೋಂದಣಿಯೂ ಬೇಕು. ದೇವಸ್ಥಾನದ ಚೀಟಿ, ಛತ್ರದ ರಸೀದಿ, ಆಮಂತ್ರಣ ಪತ್ರಿಕೆ ಇವಕ್ಕೆ ಅಲ್ಲಿ ಬೆಲೆಯಿಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್, ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ, ಕೆಲಸ ಮಾಡಿದ ಆಸ್ಪತ್ರೆಯ ಅನುಭವ ಪತ್ರ ಇವುಗಳನ್ನೂ ಊರಲ್ಲಿರುವಾಗಲೇ ಕೈಗೆ ತೆಗೆದುಕೊಳ್ಳಬೇಕು. ಯಾವ ವಿಷಯಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡು ಎಂಬ ವಿವರ ಕಾಲೇಜಿನಿಂದ ಸಿಗಬೇಕು, ಮಾನ್ಯತೆ ನಿಂತಿರುವುದೇ ಆ ಲೆಕ್ಕದ ಮೇಲೆ. ಇನ್ನು ದೃಢೀಕರಣದ ಮುದ್ರೆ. ದಾಖಲೆಗೆ ಒಂದೇ ಮುದ್ರೆ ಸಾಕೆನ್ನುವ ಅಪೋಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದಾಗ ಜರ್ಮನಿ ಅದಕ್ಕೆ ಆಕ್ಷೇಪ ಸಲ್ಲಿಸಿತ್ತು. ಒಂದು ದೇಶಕ್ಕೆ ನಡೆಯುವ ಮುದ್ರೆ ಎಲ್ಲ ದೇಶಕ್ಕೂ ನಡೆಯುತ್ತದೆಂದು ತಿಳಿದು ಮುಂಚಿತವಾಗಿ ದುಡ್ಡು ಸುರಿಯಬಾರದು; ಯಾವ ಕಾಗದಕ್ಕೆ ಯಾವ ದೃಢೀಕರಣ, ಯಾರ ಅನುವಾದ ಎಂದು ಅಲ್ಲಿನ ಪ್ರಾಧಿಕಾರದಿಂದ ಬರಹದಲ್ಲಿ ಕೇಳಿಕೊಳ್ಳಬೇಕು.

ಏಜೆನ್ಸಿಯ ಬಗ್ಗೆ ಎರಡು ಮಾತು. ನೇಮಕಾತಿಯ ಖರ್ಚನ್ನು ಉದ್ಯೋಗದಾತರೇ ಭರಿಸಬೇಕು, ನರ್ಸ್‌ನಿಂದ ವಸೂಲಿ ಮಾಡಬಾರದು ಎಂಬುದು ನ್ಯಾಯವಾದ ನೇಮಕಾತಿಯ ತತ್ವ. ಜರ್ಮನಿಯಲ್ಲಿ ಈ ನಿಯಮ ಪಾಲಿಸುವ ಏಜೆನ್ಸಿಗಳಿಗೆ ಸರ್ಕಾರಿ ಗುಣಮುದ್ರೆಯೂ ಇದೆ. ಜರ್ಮನ್ ಉದ್ಯೋಗ ಸಂಸ್ಥೆಯೂ ಅಲ್ಲಿನ ಅಭಿವೃದ್ಧಿ ಸಂಸ್ಥೆ ಜಿಐಜೆಡ್ ಕೂಡ ಸೇರಿ ನಡೆಸುವ ‘ಟ್ರಿಪಲ್ ವಿನ್’ ಯೋಜನೆ ಕೇರಳದಲ್ಲಿ ಆ ರಾಜ್ಯ ಸರ್ಕಾರದ ಅನಿವಾಸಿ ಕೇರಳಿಗರ ಸಂಸ್ಥೆ ನೋರ್ಕಾ ಮೂಲಕ ನಡೆಯುತ್ತಿದೆ. ಇಷ್ಟಿದ್ದರೂ ನಮ್ಮ ಮನೆಯ ಹುಡುಗಿಯ ಮುಂದೆ ಬಂದ ಮೊದಲ ಕರಾರಿನಲ್ಲಿ, ಮೂರು ವರ್ಷಕ್ಕೆ ಮುಂಚೆ ಆಸ್ಪತ್ರೆ ಬಿಟ್ಟರೆ ತರಬೇತಿ ಖರ್ಚೆಂದು ದೊಡ್ಡ ಮೊತ್ತ ಹಿಂದಿರುಗಿಸಬೇಕೆಂಬ ಷರತ್ತು ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು. ಅವಳ ಜರ್ಮನ್ ತರಗತಿಯ ಮೇಷ್ಟ್ರು ಅದನ್ನು ಸಾಲುಸಾಲಾಗಿ ಓದಿ ಹೇಳಿದ ಮೇಲೆ ಅವಳು ಸಹಿ ಹಾಕಲಿಲ್ಲ. ಎರಡನೆಯ ಅವಕಾಶಕ್ಕೆ ಐದಾರು ತಿಂಗಳು ಕಾದಳು. ಕಾದದ್ದು ಒಳ್ಳೆಯದಾಯಿತು. ಓದಿ ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಮನೆಯ ಹಿರಿಯರು ಹೇಳಬೇಕಾದ ಜಾಗ ಇದು. ನಾವೋ ಆ ಹೊತ್ತಿಗೆ ಟಿಕೆಟ್ ಯಾವಾಗ ಎಂದು ಕೇಳುತ್ತಿರುತ್ತೇವೆ.

ಇಷ್ಟೆಲ್ಲ ಹೋಗುವವಳ ತಯಾರಿ. ಉಳಿಯುವವರ ತಯಾರಿಗೆ ಯಾರೂ ಪಟ್ಟಿ ಬರೆದುಕೊಡುವುದಿಲ್ಲ.

ತಂಗಿಯ ಮನೆಯಲ್ಲಿ ಒಂದು ಸಂಜೆ ಭಾವ ಗ್ಯಾಸ್ ಬುಕ್ ಮಾಡಲು ಹೊರಟರು. ಒಟಿಪಿ ಮಗಳ ಫೋನಿಗೆ ಹೋಯಿತು. ಆಗ ಲೆಕ್ಕ ಹಾಕತೊಡಗಿದರೆ ಬ್ಯಾಂಕ್ ಖಾತೆ, ಆಧಾರ್, ತೋಟದ ಪಹಣಿಗೆ ಆಧಾರ್ ಜೋಡಿಸಿದ್ದು, ಸಹಕಾರಿ ಸಂಘದ ಸಾಲ, ವಿದ್ಯುತ್ ಬಿಲ್ಲು, ಬೆಳೆವಿಮೆ ಎಲ್ಲಕ್ಕೂ ಕೊಟ್ಟಿದ್ದು ಅವಳ ನಂಬರೇ. ಓದಿದವಳು ಅವಳು, ಫೋನ್ ನೋಡುವವಳೂ ಅವಳು ಎಂದು ಹತ್ತು ವರ್ಷದಿಂದ ಎಲ್ಲ ಅರ್ಜಿಯಲ್ಲಿ ಅದನ್ನೇ ಬರೆಯುತ್ತ ಬಂದಿದ್ದರು. ಅವಳು ಹೊರಟರೆ ಒಂದಿಡೀ ಮನೆಯ ಬೀಗದ ಕೈಯೇ ಸಮುದ್ರದಾಚೆ ಹೋದಂತೆ. ಒಂದು ನೋಟ್‌ಬುಕ್ಕಿನ ಪುಟದಲ್ಲಿ ಗೆರೆ ಎಳೆದು, ಎಲ್ಲೆಲ್ಲಿ ಯಾವ ನಂಬರು ಎಂದು ಬರೆದುಕೊಂಡು, ಗ್ರಾಮ ಒನ್ ಕೇಂದ್ರಕ್ಕೂ ಬ್ಯಾಂಕಿಗೂ ನಡೆದು ಒಂದೊಂದಾಗಿ ಬದಲಿಸಿದರು. ಭಾವ ಮೊದಲ ಸಲ ತಾವೇ ಒಟಿಪಿ ಓದಿ ಹಾಕಿದಾಗ ಅವರ ಮುಖದಲ್ಲಿದ್ದ ಸಮಾಧಾನ ನೋಡಬೇಕಿತ್ತು. ಹೋಗುವವರ ಸ್ವಂತ ಭಾರತೀಯ ಸಿಮ್ ಕೂಡ ಜೀವಂತವಾಗಿರಬೇಕು; ಮೂರು ತಿಂಗಳು ಬಳಸದೆ ಬಿಟ್ಟರೆ ನಂಬರು ರದ್ದಾಗಬಹುದು, ರದ್ದಾದ ನಂಬರು ಬೇರೆಯವರಿಗೆ ಹೋಗಬಹುದು.

ಹಣದ ವ್ಯವಸ್ಥೆ ಸರಳವೇ, ಆದರೆ ಮಾಡದೆ ಬಿಡುವವರೇ ಹೆಚ್ಚು. ನೆಲೆ ಬದಲಾದ ಮೇಲೆ ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು, ಅಲ್ಲಿನ ಗಳಿಕೆ ಕಳಿಸಲು ಎನ್‌ಆರ್‌ಇ ಖಾತೆ ತೆರೆಯಬೇಕು. ಪಿಪಿಎಫ್ ಇದ್ದರೆ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಆಮೇಲೆ ವಿಸ್ತರಿಸುವಂತಿಲ್ಲ. ಕೃಷಿಕರ ಮನೆಯವರು ಗಮನಿಸಬೇಕಾದ್ದು ಭೂಮಿಯ ನಿಯಮ. ಅನಿವಾಸಿಯಾದವರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಖರೀದಿಸುವಂತಿಲ್ಲ. ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಬಹುದು, ಹಿರಿಯರಿಂದ ವಾರಸಾಗಿ ಬಂದದ್ದನ್ನೂ ಪಡೆಯಬಹುದು. ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂದರೆ ಅಲ್ಲಿಂದ ದುಡ್ಡು ಕಳಿಸಿ ತನ್ನ ಹೆಸರಲ್ಲಿ ಕೊಳ್ಳುತ್ತೇನೆ ಎಂಬ ಕನಸಿದ್ದರೆ ಅದಾಗದು. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ ಇದ್ದರೆ, ಪೌತಿ ಖಾತೆ ಮಾಡಿಸಲು ಎಲ್ಲರೂ ಊರಲ್ಲಿರುವಾಗಲೇ ಕೂರುವುದು ಲೇಸು. ವಂಶವೃಕ್ಷದಲ್ಲಿ ಹೆಸರಿರುವ ಒಬ್ಬರು ಪರದೇಶದಲ್ಲಿದ್ದರೂ ಕಡತ ನಿಧಾನವಾಗುತ್ತದೆ. ಮುಖ್ತ್ಯಾರ್ ಪತ್ರ ಕೊಡುವುದಿದ್ದರೆ ಇಂಥ ಕೆಲಸಕ್ಕೆ ಎಂದು ನಿರ್ದಿಷ್ಟವಾಗಿ ಬರೆಸಿ, ಹೊರಡುವ ಮುಂಚೆಯೇ ನೋಂದಾಯಿಸಿ. ವಿದೇಶದಿಂದ ಮಾಡಿಸಿದರೆ ರಾಯಭಾರ ಕಚೇರಿಯ ದೃಢೀಕರಣ ಬೇಕು, ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಎಲ್ಲ ಅಧಿಕಾರವನ್ನೂ ಒಬ್ಬರ ಕೈಗೆ ಬರೆದುಕೊಟ್ಟ ಪತ್ರಗಳಿಂದ ಒಡೆದುಹೋದ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಕಡಿಮೆಯೇನಿಲ್ಲ.

ಪೆಟ್ಟಿಗೆ ಕಟ್ಟುವುದು ಎಲ್ಲರಿಗೂ ಇಷ್ಟದ ಕೆಲಸ, ಅದಕ್ಕೇ ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸಮಯ ಹೋಗುತ್ತದೆ. ತಂಗಿ ಮನೆಯ ಹಸುವಿನ ತುಪ್ಪವನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದಳು. ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಉತ್ಪನ್ನಗಳನ್ನು ತರುವಂತಿಲ್ಲ, ತುಪ್ಪವೂ ಅದರಲ್ಲಿ ಸೇರಿತು. ಡಬ್ಬಿ ಇಲ್ಲೇ ಉಳಿಯಿತು. ತಂಗಿಗೆ ಬಹಳ ಬೇಜಾರಾಯಿತು. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ತರಕಾರಿ, ಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಹಾಗಾಗಿ ಹಿತ್ತಲಿನ ಕರಿಬೇವೂ ಇಲ್ಲ. ಈ ನಿಯಮಕ್ಕೆ ಹೊರತಾದವು ಐದು ಹಣ್ಣು ಮಾತ್ರ: ಅನಾನಸ್, ತೆಂಗಿನಕಾಯಿ, ಡುರಿಯನ್, ಬಾಳೆಹಣ್ಣು, ಖರ್ಜೂರ. ಒಣ ಕೊಬ್ಬರಿಯನ್ನಾದರೋ ಬೆಂಕಿ ಹಿಡಿಯುವ ಎಣ್ಣೆಯ ವಸ್ತುವೆಂದು ವಿಮಾನದವರೇ ತಡೆಯುತ್ತಾರೆ. ಸಾಂಬಾರ್ ಪುಡಿ, ಚಟ್ನಿಪುಡಿ, ಕಾಳುಮೆಣಸು ಪೆಟ್ಟಿಗೆಗೆ ಹೋದವು. ಮಿಕ್ಸಿ ಬೇಕಾದವರು ಒಯ್ಯಬಹುದು, ಅಲ್ಲೂ 230 ವೋಲ್ಟೇ. ನಮ್ಮ ಮೂರು ಪಿನ್ನಿಗೆ ಅಡಾಪ್ಟರ್ ಬೇಕು. ಚಳಿಯ ಕೋಟು ಅಲ್ಲೇ ಕೊಳ್ಳಿ. ಮೂಲ ದಾಖಲೆಗಳು ಮತ್ತು ಔಷಧಿ, ಅದರ ಚೀಟಿ ಸಮೇತ, ಕೈಚೀಲದಲ್ಲಿರಲಿ.

ಇಳಿದ ಮೇಲಿನ ಮೊದಲ ವಾರಗಳಲ್ಲಿ ಎಲ್ಲವೂ ಒಂದು ವಿಳಾಸಕ್ಕೆ ಜೋತುಬಿದ್ದಿರುತ್ತವೆ. ಮನೆಗೆ ಸೇರಿದ ಎರಡು ವಾರದೊಳಗೆ ಪೌರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆಯೊಡೆಯರ ಪತ್ರ ಬೇಕು. ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು ಅದೇ ವಿಳಾಸಕ್ಕೆ. ಆದ್ದರಿಂದ ಮೊದಲ ಮೂರು ತಿಂಗಳ ವಸತಿಯನ್ನು ಆಸ್ಪತ್ರೆಯೇ ಕೊಡುತ್ತದೆಯೇ, ಆ ವಸತಿಯಲ್ಲಿ ನೋಂದಣಿಗೆ ಅವಕಾಶವಿದೆಯೇ ಎಂದು ಇಲ್ಲಿಂದಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಸ್ವಂತ ಬಾಡಿಗೆ ಮನೆಗೆ ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಮುಂಗಡ ಕೇಳಬಹುದು. ಎಷ್ಟೋ ಮನೆಗಳಲ್ಲಿ ಅಡುಗೆ ಕೋಣೆ ಎಂದರೆ ನಾಲ್ಕು ಗೋಡೆ ಮತ್ತು ನೀರಿನ ಪೈಪು. ಒಲೆ, ಸಿಂಕ್, ಕಪಾಟು ಬಾಡಿಗೆದಾರರದೇ. ಟಿವಿ ಇರಲಿ ಇಲ್ಲದಿರಲಿ ಪ್ರತಿ ಮನೆಯೂ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಕಟ್ಟಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ. ನಮ್ಮ ಡ್ರೈವಿಂಗ್ ಲೈಸೆನ್ಸ್ ಆರು ತಿಂಗಳಷ್ಟೇ ನಡೆಯುತ್ತದೆ.

ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಸೂರ್ಯ ಹುಟ್ಟುವುದು ಎಂಟು ಕಳೆದ ಮೇಲೆ, ಮುಳುಗುವುದು ನಾಲ್ಕಕ್ಕೂ ಮುಂಚೆ. ಬಿಸಿಲಲ್ಲಿ ಅಡಿಕೆ ಒಣಗಿಸಿ ಬೆಳೆದವರಿಗೆ ಆ ಕತ್ತಲೆ ಮನಸ್ಸಿನೊಳಗೂ ಇಳಿಯುತ್ತದೆ. ಮೊದಲ ಚಳಿಗಾಲದಲ್ಲಿ ನಮ್ಮವಳು ಫೋನೆತ್ತಿದರೆ ಸುಮ್ಮನೆ ಕೂರುತ್ತಿದ್ದಳು. ಆಗ ಸಹಾಯಕ್ಕೆ ಬಂದದ್ದು ಕನ್ನಡ ಮಾತಾಡುವ ನಾಲ್ಕು ಮನೆಗಳು ಮತ್ತು ವಾರ್ಡಿನ ಒಬ್ಬ ಹಿರಿಯ ಜರ್ಮನ್ ನರ್ಸ್. ಫ್ರಾಂಕ್‌ಫರ್ಟ್ ಸುತ್ತಿನ ರೈನ್–ಮೈನ್ ಕನ್ನಡ ಸಂಘದಂಥ ಬಳಗಗಳನ್ನು ಹೊರಡುವ ಮೊದಲೇ ಸಂಪರ್ಕಿಸಿ. ಆದರೆ ಅಲ್ಲಷ್ಟೇ ಸುತ್ತುವುದೂ ಬೇಡ. ಊರಿನ ಗಾಯನ ಗುಂಪೋ, ಕ್ರೀಡಾ ಸಂಘವೋ, ಯಾವುದಾದರೂ ಒಂದಕ್ಕೆ ಸೇರಿದವರ ಜರ್ಮನ್ ಬೇಗ ಸಡಿಲವಾಗುವುದನ್ನು ನೋಡಿದ್ದೇನೆ.

ಕೊನೆಗೆ ಎಲ್ಲ ಮನೆಗಳಲ್ಲೂ ಮುಂದೂಡುವ ಮಾತು ಅಪ್ಪ–ಅಮ್ಮನದು. 2024ರ ಮಾರ್ಚ್ 1ರಂದು ಅಥವಾ ಆಮೇಲೆ ನುರಿತ ಕೆಲಸಗಾರರಾಗಿ ಮೊದಲ ಬಾರಿ ವಾಸದ ಪರವಾನಗಿ ಪಡೆದವರು ತಂದೆತಾಯಿಯನ್ನೂ ಕರೆಸಿಕೊಳ್ಳಲು ಜರ್ಮನಿ ಅವಕಾಶ ಕೊಟ್ಟಿದೆ. ಅವರ ಜೀವನ ವೆಚ್ಚ ಮತ್ತು ಆರೋಗ್ಯ ವಿಮೆಯನ್ನು ಮಕ್ಕಳೇ ಹೊರಬೇಕು, ಅರುವತ್ತು ದಾಟಿದವರಿಗೆ ಅಲ್ಲಿ ವಿಮೆ ಮಾಡಿಸುವುದು ದುಬಾರಿ, ಕಷ್ಟ. ಹಾಗಾಗಿ ಹೆಚ್ಚಿನವರ ಪಾಲಿಗೆ ಇರುವುದು ಆರು ತಿಂಗಳಲ್ಲಿ ತೊಂಬತ್ತು ದಿನದ ಭೇಟಿಯ ವೀಸಾ. ತೋಟ ಬಿಟ್ಟು ಭಾವ ಅಷ್ಟು ದಿನವೂ ಇರುವವರಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತು.

ಅದಕ್ಕೇ ನಾವು ಅವಳ ವೀಸಾ ಬಂದ ವಾರ ಒಟ್ಟಾಗಿ ಕೂತು ಕೆಲವು ವಿಷಯ ನಿಶ್ಚಯ ಮಾಡಿಕೊಂಡೆವು. ತಂಗಿ–ಭಾವನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಯಾಯಿತು. ಇಬ್ಬರಿಗೂ ಆರೋಗ್ಯ ವಿಮೆ ಮಾಡಿಸಿದೆವು, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು ಎಂಬ ಕಾರಣಕ್ಕೆ ತಡ ಮಾಡಲಿಲ್ಲ. ಭಾವನ ಸಕ್ಕರೆ ಕಾಯಿಲೆಯ ಚೀಟಿಗಳೆಲ್ಲ ಒಂದು ಫೈಲಿಗೆ ಬಂದವು, ಅದರ ಫೋಟೊ ಮಗಳ ಫೋನಿನಲ್ಲೂ ಇದೆ. ರಾತ್ರಿ ಹೊತ್ತು ಏನಾದರೂ ಆದರೆ ಪಕ್ಕದ ಮನೆಯ ಹುಡುಗ ಕಾರು ತರುತ್ತಾನೆ, ಆಸ್ಪತ್ರೆಯಲ್ಲಿ ಒಪ್ಪಿಗೆಯ ಸಹಿ ನನ್ನದು, ಅವಳನ್ನು ಕೇಳಿಯೇ ಮಾಡಬೇಕಾದ್ದು ಯಾವುದು, ಕೇಳದೆ ಮಾಡಬಹುದಾದ್ದು ಯಾವುದು ಎಂದೆಲ್ಲ ನಿಶ್ಚಯವಾಯಿತು. ಅವಳು ಬಂದು ತಲುಪುವವರೆಗೆ ಕಾಯಲಾಗದ ಸಂದರ್ಭ ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಎತ್ತಿದವರು ಭಾವನೇ. ‘ಕಾಯುವುದು ಬೇಡ, ಅವಳು ನಿಧಾನಕ್ಕೆ ಬರಲಿ’ ಎಂದರು. ಅವಳು ಎದ್ದು ಒಳಗೆ ಹೋದಳು, ಸ್ವಲ್ಪ ಹೊತ್ತು ಬಿಟ್ಟು ಬಂದು, ‘ಅದು ಬರೆದುಕೊಳ್ಳುವುದು ಬೇಡ, ಉಳಿದದ್ದು ಹೇಳಿ ಅಪ್ಪ’ ಎಂದು ಪೆನ್ನು ಹಿಡಿದಳು. ಪಟ್ಟಿಯಲ್ಲಿ ಇನ್ನೂ ಪಂಪ್‌ಸೆಟ್ಟಿನ ಮೆಕ್ಯಾನಿಕ್ಕಿನ ನಂಬರು, ಸಹಕಾರಿ ಸಂಘದ ಸಾಲದ ಕಂತಿನ ದಿನಾಂಕ, ತೋಟಕ್ಕೆ ಮದ್ದು ಬಿಡುವವರ ವಿಳಾಸ ಬಾಕಿ ಇದ್ದವು.